ಅಳಿಸಿಹೋದ ಸಾಲು, ಅಳಿಯದ ಸಾಲ: ಆಫ್ರಿಕಾದ ಡಿಜಿಟಲ್ ಖಜಾನೆಗಳ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಪೂರ್ವ ಆಫ್ರಿಕಾದ ಸರ್ಕಾರವೊಂದರ ಹಣಕಾಸು ವ್ಯವಸ್ಥೆಯ ಕೆಲಸಕ್ಕೆ ಹೊರಟಿದ್ದೇನೆ. 2013ರ ಮಲಾವಿಯ ‘ಕ್ಯಾಶ್‌ಗೇಟ್’ ಹಗರಣದ ಬಗ್ಗೆ ಓದಿದೆ. ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುವಾಗ ಖಜಾನೆಯ ಹಣ ಹೊರಗೆ ಹೋದದ್ದು ಹೇಗೆ?

ಉತ್ತರ: ಕಂಪ್ಯೂಟರಿನ ಮೂಲಕವೇ ಹೋಯಿತು. ಅಲ್ಲಿ ಆಗ ಇದ್ದದ್ದು ಎಪಿಕಾರ್ ತಂತ್ರಾಂಶದ ಇಫ್ಮಿಸ್, ಅಂದರೆ ಬಜೆಟ್‌ನಿಂದ ಹಿಡಿದು ಚೆಕ್ಕಿನವರೆಗೆ ಎಲ್ಲವನ್ನೂ ಒಂದೇ ಕಡೆ ಹಿಡಿದಿಡುವ ವ್ಯವಸ್ಥೆ. ಯಾವ ಸರಕೂ ಕೊಡದ, ಯಾವ ಕರಾರೂ ಇಲ್ಲದ ಕಂಪನಿಯ ಹೆಸರಿಗೆ ಪಾವತಿ ನಮೂದಿಸಿದರು, ಚೆಕ್ಕು ಮುದ್ರಿಸಿದರು, ಆಮೇಲೆ ಆ ನಮೂದನ್ನೇ ವ್ಯವಸ್ಥೆಯಿಂದ ತೆಗೆದುಹಾಕಿದರು. ಇಲಾಖೆಯ ಪರದೆಯಲ್ಲಿ ಅನುದಾನ ಖರ್ಚೇ ಆಗಿಲ್ಲ. ಚೆಕ್ಕು ಮಾತ್ರ ಬ್ಯಾಂಕಿನಲ್ಲಿ ನಗದಾಗಿದೆ. ಬೇಕರ್ ಟಿಲ್ಲಿ ಸಂಸ್ಥೆಯ ತನಿಖಾ ಲೆಕ್ಕಪರಿಶೋಧನೆ 2013ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರೇ ತಿಂಗಳಲ್ಲಿ ಸುಮಾರು 1,367 ಕೋಟಿ ಕ್ವಾಚಾಗಳ ಅವ್ಯವಹಾರ ಗುರುತಿಸಿತು. ಇದರಲ್ಲಿ ಹೀಗೆ ನೇರವಾಗಿ ಲಪಟಾಯಿಸಿದ್ದು ಅರ್ಧಕ್ಕಿಂತ ಕಡಿಮೆ, ಸುಮಾರು 610 ಕೋಟಿ. ಉಳಿದದ್ದು ದಾಖಲೆಯೇ ಇಲ್ಲದ ಪಾವತಿ ಮತ್ತು ಬೆಲೆ ಉಬ್ಬಿಸಿದ ಖರೀದಿ. ಈ ಎರಡನ್ನು ತಂತ್ರಾಂಶವೊಂದೇ ಪೂರ್ತಿಯಾಗಿ ತಡೆಯಲಾರದು.

ಇದನ್ನು ಹಿಡಿಯಲು ದೊಡ್ಡ ತಂತ್ರಜ್ಞಾನ ಬೇಕಿರಲಿಲ್ಲ. ಮಲಾವಿಯ ರಿಸರ್ವ್ ಬ್ಯಾಂಕಿನ ಖಾತೆ ಪಟ್ಟಿಯಲ್ಲಿ ಡೆಬಿಟ್ ಇದೆ, ಲೆಡ್ಜರಿನಲ್ಲಿ ಆ ಸಾಲೇ ಇಲ್ಲ. ದಿನಕ್ಕೊಮ್ಮೆ ತಾಳೆ ನೋಡಿದ್ದರೆ ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಿತ್ತು. ತಾಳೆ ನೋಡುವ ಕೆಲಸ ತಿಂಗಳುಗಟ್ಟಲೆ ಬಾಕಿ ಬಿದ್ದಿರುವ ಖಜಾನೆಯಲ್ಲಿ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ನೀವು ಅಲ್ಲಿಗೆ ಹೋದ ಮೊದಲ ವಾರ ನೋಡಬೇಕಾದದ್ದು ಇಷ್ಟು. ಪೋಸ್ಟ್ ಆದ ನಮೂದನ್ನು ‘ಡಿಲೀಟ್’ ಮಾಡುವ ಅಧಿಕಾರ ಯಾರಿಗಾದರೂ ಇದೆಯೇ? ಇರಬಾರದು. ತಪ್ಪಾಗಿದ್ದರೆ ವಿರುದ್ಧ ನಮೂದು ಹಾಕಿ ಸರಿಪಡಿಸಬೇಕು, ಎರಡೂ ಸಾಲು ಲೆಡ್ಜರಿನಲ್ಲಿ ಉಳಿಯಬೇಕು. ತೆರೆಯ ಮೇಲೆ ಬಟನ್ ಇಲ್ಲ ಎಂದಷ್ಟಕ್ಕೆ ಸಮಾಧಾನಪಡಬೇಡಿ, ಡೇಟಾಬೇಸ್ ಅಡ್ಮಿನ್ ನೇರವಾಗಿ ಟೇಬಲ್ ಮುಟ್ಟಬಲ್ಲರೇ ಎಂಬುದನ್ನೂ ಪರೀಕ್ಷಿಸಿ. ಮುಟ್ಟಿದರೆ ಅದರ ಲಾಗ್ ಅವರ ಕೈಗೆ ಸಿಗದ ಬೇರೆ ಸರ್ವರಿಗೆ, ಮಹಾಲೆಕ್ಕಪರಿಶೋಧಕರ ಕಚೇರಿ ಓದಬಲ್ಲ ಜಾಗಕ್ಕೆ ಹೋಗಬೇಕು. ಸರಬರಾಜುದಾರರ ಹೆಸರು ಸೇರಿಸುವವರು, ಬಿಲ್ಲು ನಮೂದಿಸುವವರು, ಮಂಜೂರು ಮಾಡುವವರು, ಪಾವತಿ ಕಡತ ಬ್ಯಾಂಕಿಗೆ ಕಳಿಸುವವರು, ಈ ನಾಲ್ವರೂ ಬೇರೆ ಬೇರೆ ಆಗಿರಬೇಕು. ಸರಬರಾಜುದಾರರ ಬ್ಯಾಂಕ್ ಖಾತೆ ಸಂಖ್ಯೆ ಬದಲಾದ ಮರುದಿನವೇ ಅವರಿಗೆ ಪಾವತಿಯಾದ ಪ್ರಕರಣಗಳ ಪಟ್ಟಿಯನ್ನು ಮೊದಲ ದಿನವೇ ತೆಗೆಸಿ.

ನಾಲ್ವರು ಬೇರೆ ಇದ್ದಾರೆ ಎಂದು ಕಾಗದದಲ್ಲಿದ್ದರೂ, ಸಾಹೇಬರ ಪಾಸ್‌ವರ್ಡ್ ಗುಮಾಸ್ತರ ಡೈರಿಯಲ್ಲಿದ್ದರೆ ಅದು ಒಬ್ಬನೇ ಮನುಷ್ಯ. ಉಗಾಂಡದಲ್ಲಿ 2012ರಲ್ಲಿ ಪ್ರಧಾನಿ ಕಚೇರಿಯ ಮೂಲಕ ಉತ್ತರದ ಯುದ್ಧಪೀಡಿತ ಪ್ರದೇಶಕ್ಕೆ ಹೋಗಬೇಕಿದ್ದ ದಾನಿಗಳ ಹಣ ಬೇರೆಡೆಗೆ ಹರಿದಾಗ ಅಲ್ಲಿನ ಮಹಾಲೆಕ್ಕಪರಿಶೋಧಕರ ವರದಿ ಎತ್ತಿ ತೋರಿಸಿದ ಸಂಗತಿಗಳಲ್ಲಿ ಪಾಸ್‌ವರ್ಡ್ ದುರ್ಬಳಕೆಯೂ ಒಂದು. ಐರ್ಲೆಂಡ್ ತನ್ನ ಪಾಲಿನ 40 ಲಕ್ಷ ಯೂರೋಗಳನ್ನು ವಾಪಸು ಪಡೆಯಿತು.

ಪ್ರಶ್ನೆ: ಕೀನ್ಯಾದ ಪತ್ರಿಕೆಗಳಲ್ಲಿ ‘ಪೆಂಡಿಂಗ್ ಬಿಲ್ಸ್’ (ಸರ್ಕಾರ ಪಾವತಿಸದೆ ಉಳಿಸಿಕೊಂಡ ಬಿಲ್ಲುಗಳು) ಎಂಬ ಮಾತು ಪದೇಪದೇ ಬರುತ್ತದೆ. ಅನುದಾನ ಇಲ್ಲದಿದ್ದರೆ ವ್ಯವಸ್ಥೆ ಆರ್ಡರನ್ನೇ ತಡೆಯುತ್ತದಂತೆ. ಹಾಗಿದ್ದರೆ ಬಾಕಿ ಹೇಗೆ ಬೆಳೆಯುತ್ತದೆ?

ಉತ್ತರ: ತಡೆಯುವುದು ನಿಜ, ತನ್ನ ಮೂಲಕ ಬಂದದ್ದನ್ನು ಮಾತ್ರ. ಲೆಕ್ಕ ಹಾಕಿ ನೋಡೋಣ. ಔಷಧಿಯ ಲೆಕ್ಕಶೀರ್ಷಿಕೆಯಲ್ಲಿ ವರ್ಷಕ್ಕೆ 1 ಕೋಟಿ ಶಿಲ್ಲಿಂಗ್, ಮೊದಲ ತ್ರೈಮಾಸಿಕಕ್ಕೆ ಬಿಡುಗಡೆಯಾದದ್ದು 25 ಲಕ್ಷ. 20 ಲಕ್ಷದ ಖರೀದಿ ಆದೇಶ ಹಾಕಿದ ಕ್ಷಣವೇ ವ್ಯವಸ್ಥೆ ಆ ಮೊತ್ತವನ್ನು ಕಾಯ್ದಿರಿಸುತ್ತದೆ. ಇದೇ ಕಮಿಟ್‌ಮೆಂಟ್. ಉಳಿದದ್ದು 5 ಲಕ್ಷ, ಮುಂದಿನ 8 ಲಕ್ಷದ ಆದೇಶ ಮುದ್ರಣವೇ ಆಗದು. ಸರಕು ಬಂದ ಮೇಲೆ ಆದೇಶ, ಸ್ವೀಕೃತಿ ರಸೀದಿ, ಬಿಲ್ಲು ಮೂರೂ ತಾಳೆಯಾದರೆ ಪಾವತಿ.

ಇದು ಕೆಡುವುದು ಮುಖ್ಯವಾಗಿ ನಾಲ್ಕು ಕಡೆ. ಅಧಿಕಾರಿ ಲೆಟರ್‌ಹೆಡ್ಡಿನಲ್ಲಿ ಆದೇಶ ಬರೆದುಕೊಡುತ್ತಾರೆ, ಸರಕು ಬರುತ್ತದೆ, ಬಿಲ್ಲು ಬಂದಾಗಲೇ ಖಜಾನೆಗೆ ಸುದ್ದಿ. ಎರಡನೆಯದು, ರಸ್ತೆಯಂಥ ಮೂರು ವರ್ಷದ ಕಾಮಗಾರಿಯಲ್ಲಿ ಈ ವರ್ಷದ ಕಂತನ್ನಷ್ಟೇ ನಮೂದಿಸುತ್ತಾರೆ, ಮುಂದಿನೆರಡು ವರ್ಷದ ಹೊರೆ ಕಣ್ಣಿಗೇ ಬೀಳುವುದಿಲ್ಲ. ಮೂರನೆಯದು ತಂತ್ರಾಂಶದವರದೇ ತಪ್ಪು: ತಡೆಯನ್ನು ಬಿಡುಗಡೆಯ ಮೊತ್ತಕ್ಕೆ ಕಟ್ಟುವ ಬದಲು ವಾರ್ಷಿಕ ಬಜೆಟ್ಟಿಗೆ ಕಟ್ಟಿಬಿಡುತ್ತಾರೆ. ಆಗ ಮೊದಲ ತಿಂಗಳಲ್ಲೇ 1 ಕೋಟಿಗೂ ಆದೇಶ ಹೊರಡುತ್ತದೆ, ಎಲ್ಲವೂ ‘ನಿಯಮಬದ್ಧ’. ನಾಲ್ಕನೆಯದಕ್ಕೆ ಮಾತ್ರ ಸೆಟ್ಟಿಂಗಿನಲ್ಲಿ ಮದ್ದಿಲ್ಲ: ಬಿಡುಗಡೆ ಆದೇಶ ಬಂದಿದೆ, ಖಜಾನೆಯಲ್ಲಿ ದುಡ್ಡಿಲ್ಲ. ತೆರಿಗೆ ಅಂದಾಜು ಉಬ್ಬಿಸಿ ಬಜೆಟ್ ಮಾಡಿದ ವರ್ಷ ಇದು ಆಗಿಯೇ ಆಗುತ್ತದೆ. ಕೀನ್ಯಾದ 47 ಕೌಂಟಿಗಳಿಗೆ (ಸ್ಥಳೀಯ ಸರ್ಕಾರಗಳಿಗೆ) ರಾಷ್ಟ್ರೀಯ ಖಜಾನೆಯಿಂದ ಹಣ ತಡವಾಗಿ ಬಂದಾಗಲೂ ಪೆಟ್ಟು ಬೀಳುವುದು ಊರಿನ ಸಣ್ಣ ಗುತ್ತಿಗೆದಾರರಿಗೇ.

ಪ್ರಶ್ನೆ: ನೈಜೀರಿಯಾದ ‘ಏಕ ಖಜಾನೆ ಖಾತೆ’ಯನ್ನು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಅಂಥದ್ದೇನಿದೆ? ಬೇರೆ ದೇಶ ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಇಲಾಖೆಗಳು ವಾಣಿಜ್ಯ ಬ್ಯಾಂಕುಗಳಲ್ಲಿ ಸಾವಿರಾರು ಖಾತೆ ಇಟ್ಟಿದ್ದವು. ಒಂದು ಖಾತೆಯಲ್ಲಿ ಹಣ ಸುಮ್ಮನೆ ಬಿದ್ದಿರುವಾಗಲೇ ಸರ್ಕಾರ ಅದೇ ಬ್ಯಾಂಕಿನಿಂದ ಬಡ್ಡಿಗೆ ಸಾಲ ಎತ್ತುತ್ತಿತ್ತು, ಅಂದರೆ ತನ್ನ ದುಡ್ಡಿಗೆ ತಾನೇ ಬಡ್ಡಿ ಕಟ್ಟುತ್ತಿತ್ತು. ಸರ್ಕಾರದ ಹಣವನ್ನೆಲ್ಲ ಒಂದೇ ಖಾತೆಗೆ ತರುವಂತೆ 2015ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬುಹಾರಿ ಆದೇಶಿಸಿದರು, ಸೆಪ್ಟೆಂಬರ್ 15 ಗಡುವು. ರೆಮಿಟಾ ಎಂಬ ಪಾವತಿ ವೇದಿಕೆಯ ಮೂಲಕ ಹಣ ಕೇಂದ್ರ ಬ್ಯಾಂಕಿನ ಖಾತೆಗೆ ಹರಿಯತೊಡಗಿತು. ಇಲಾಖೆಗಳಿಗೆ ಉಳಿದದ್ದು ಲೆಡ್ಜರಿನ ಉಪಖಾತೆ ಮಾತ್ರ. ವೇದಿಕೆಗೆ ಶೇ 1ರ ಶುಲ್ಕ ಎಂದಾಗ ಅಲ್ಲಿನ ಸೆನೆಟ್‌ನಲ್ಲಿ ಗದ್ದಲವೆದ್ದಿತು. ವಹಿವಾಟು ಲಕ್ಷ ಕೋಟಿಗಳಲ್ಲಿರುವಾಗ ಶುಲ್ಕವನ್ನು ಶೇಕಡಾ ಲೆಕ್ಕದಲ್ಲಿ ಒಪ್ಪಿಕೊಳ್ಳಬಾರದು, ಒಂದು ವ್ಯವಹಾರಕ್ಕೆ ಇಷ್ಟು ಎಂದು ಕರಾರು ಮಾಡಿಕೊಳ್ಳಬೇಕು.

ಶುರು ಮಾಡಬೇಕಾದದ್ದು ಖಾತೆಗಳ ಗಣತಿಯಿಂದ. ಇಲಾಖೆಯನ್ನು ಕೇಳಿದರೆ ಅರ್ಧ ಪಟ್ಟಿ ಸಿಗುತ್ತದೆ, ಆದ್ದರಿಂದ ಬ್ಯಾಂಕುಗಳಿಗೇ ಸುತ್ತೋಲೆ ಹೋಗಬೇಕು. ಆಮೇಲೆ ಆದಾಯದ ಖಾತೆಗಳನ್ನು ದಿನದ ಕೊನೆಗೆ ಸೊನ್ನೆಗೆ ಗುಡಿಸುವುದು, ನಂತರ ಖರ್ಚಿನ ಖಾತೆ. ದಾನಿಗಳ ಯೋಜನೆ, ಪಿಂಚಣಿ ನಿಧಿಗಳನ್ನು ಕೊನೆಗಿಡಿ, ಅವುಗಳ ಒಪ್ಪಂದದಲ್ಲಿ ಪ್ರತ್ಯೇಕ ಖಾತೆಯ ಷರತ್ತು ಇರಬಹುದು. ಸರ್ಕಾರಿ ಠೇವಣಿಯ ಮೇಲೆಯೇ ನಿಂತ ಸಣ್ಣ ಬ್ಯಾಂಕಿನಿಂದ ಒಂದೇ ದಿನ ಎಲ್ಲವನ್ನೂ ಎಳೆದರೆ ಅದು ತತ್ತರಿಸುತ್ತದೆ, ಕಂತಿನಲ್ಲಿ ತೆಗೆಯಿರಿ.

ಪ್ರಶ್ನೆ: ದಾರ್ ಎಸ್ ಸಲಾಮ್‌ನಲ್ಲಿ ಅಂಗಡಿ ಇಟ್ಟಿದ್ದೇವೆ. ಯಾವ ಸರ್ಕಾರಿ ಶುಲ್ಕಕ್ಕೂ ‘ಕಂಟ್ರೋಲ್ ನಂಬರ್’ ಕೇಳುತ್ತಾರೆ. ಕಚೇರಿಯಲ್ಲೇ ನಗದು ಕಟ್ಟಿದರೆ ಏನು ತೊಂದರೆ?

ಉತ್ತರ: ಕಟ್ಟಬೇಡಿ. ಊರಿನಲ್ಲಿ ಕರ್ನಾಟಕ ಸರ್ಕಾರದ ಖಜಾನೆ-2ರ ಚಲನ್ ತೆಗೆದು ಬ್ಯಾಂಕಿಗೆ ಕಟ್ಟಿದ್ದರೆ ನಿಮಗೆ ಇದು ಹೊಸದಲ್ಲ. ತಾಂಜಾನಿಯಾದ ಸರ್ಕಾರಿ ಪಾವತಿ ದ್ವಾರ ಪ್ರತಿ ಬಿಲ್ಲಿಗೂ 12 ಅಂಕಿಯ ಒಂದು ಸಂಖ್ಯೆ ಕೊಡುತ್ತದೆ. ಮೊಬೈಲ್ ಹಣ ಅಥವಾ ಬ್ಯಾಂಕಿನಲ್ಲಿ ಆ ಸಂಖ್ಯೆ ಒತ್ತಿದರೆ ಯಾವ ಸಂಸ್ಥೆ, ಯಾವ ಶುಲ್ಕ, ಯಾರು ಎಂಬುದೆಲ್ಲ ತಾನಾಗಿ ಜೋಡಿಯಾಗುತ್ತದೆ. ಸಂಖ್ಯೆ ಇಲ್ಲದೆ ಕೈಗೆ ಕೊಟ್ಟ ನೋಟಿಗೆ ಸರ್ಕಾರದ ಪುಸ್ತಕದಲ್ಲಿ ಜಾಗವೇ ಇಲ್ಲ, ಕೈಬರಹದ ರಸೀದಿ ಇದ್ದರೂ ಮತ್ತೊಮ್ಮೆ ಕಟ್ಟಬೇಕಾದೀತು. ಪಾವತಿ ಖಚಿತಪಡಿಸುವ ಮೊದಲು ತೆರೆಯಲ್ಲಿ ಬರುವ ಸಂಸ್ಥೆಯ ಹೆಸರನ್ನು ಓದಿ. ಸಂಖ್ಯೆಗೆ ಗಡುವಿರುತ್ತದೆ, ದಾಟಿದರೆ ಹೊಸದನ್ನು ಕೇಳಿ ಪಡೆಯಿರಿ. ಹಣ ಕಡಿತವಾಗಿಯೂ ರಸೀದಿ ಬಾರದಿದ್ದರೆ ಎರಡನೇ ಬಾರಿ ಕಟ್ಟದೆ, ಮೊಬೈಲ್ ಕಂಪನಿಯ ವ್ಯವಹಾರ ಸಂಖ್ಯೆಯನ್ನೂ ಕಂಟ್ರೋಲ್ ನಂಬರನ್ನೂ ಒಟ್ಟಿಗೆ ತೋರಿಸಿ ವಿಚಾರಿಸಿ. ಎರಡರಲ್ಲಿ ಒಂದನ್ನಷ್ಟೇ ಒಯ್ದರೆ ಮೊಬೈಲ್ ಕಂಪನಿಯವರು ಸರ್ಕಾರಿ ಕಚೇರಿಯನ್ನು, ಕಚೇರಿಯವರು ಕಂಪನಿಯನ್ನು ತೋರಿಸುತ್ತಾರೆ.