ಅಗ್ಗದ ಚಹಾ ಸಮುದ್ರಕ್ಕೆ ಬಿದ್ದದ್ದೇಕೆ?

ಪ್ರಶ್ನೆ: ಅಮೆರಿಕದ ವಸಾಹತುಗಾರರು ಕೊಡುತ್ತಿದ್ದ ತೆರಿಗೆ ಬ್ರಿಟನ್ನಿನ ನಿವಾಸಿಗಳು ಕೊಡುತ್ತಿದ್ದುದಕ್ಕಿಂತ ಬಹಳ ಕಡಿಮೆಯಿತ್ತೆಂದು ಓದಿದ್ದೇನೆ. 1773ರಲ್ಲಂತೂ ಚಹಾದ ಬೆಲೆ ಇಳಿಯುವುದರಲ್ಲಿತ್ತಂತೆ. ಹಾಗಿದ್ದೂ ಅವರು ದಂಗೆಯೆದ್ದದ್ದೇಕೆ?

ಉತ್ತರ: ನೀವು ಓದಿದ್ದು ನಿಜ. ಆದರೆ ಅವರ ತಕರಾರು ತೆರಿಗೆಯ ಮೊತ್ತದ ಬಗ್ಗೆ ಇದ್ದುದಕ್ಕಿಂತ, ಅದನ್ನು ಹಾಕುವ ಅಧಿಕಾರ ಯಾರದ್ದು ಎಂಬುದರ ಬಗ್ಗೆ ಇತ್ತು. 1763ರವರೆಗೆ ಲಂಡನ್ನಿನ ಸರ್ಕಾರ ಹಡಗು ವ್ಯಾಪಾರಕ್ಕೆ ನಿಯಮಗಳನ್ನು ಮಾಡುತ್ತಿತ್ತಾದರೂ ಅವುಗಳ ಜಾರಿಯಲ್ಲಿ ಸಡಿಲವಾಗಿತ್ತು. ವಸಾಹತಿನ ಒಳಗಿನ ತೆರಿಗೆಯನ್ನು ಅಲ್ಲಿನ ಜನ ಆರಿಸಿದ ಸಭೆಗಳೇ ನಿರ್ಧರಿಸುತ್ತಿದ್ದವು. ಮೂರು ನಾಲ್ಕು ತಲೆಮಾರು ನಡೆದುಬಂದ ಈ ಪದ್ಧತಿಯನ್ನು ಲಂಡನ್ ತಾನು ತೋರಿದ ರಿಯಾಯಿತಿ ಎಂದುಕೊಂಡಿತ್ತು, ವಸಾಹತುಗಾರರು ತಮ್ಮ ಹಕ್ಕು ಎಂದುಕೊಂಡಿದ್ದರು.

ಫ್ರಾನ್ಸಿನೊಡನೆ ನಡೆದ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಅದರ ಸಾಲ ಸುಮಾರು 13 ಕೋಟಿ ಪೌಂಡಿಗೆ ಏರಿತ್ತು. ಅಮೆರಿಕದಲ್ಲಿ ಇರಿಸಿದ ಸೇನೆಯ ಖರ್ಚಿನಲ್ಲಿ ಒಂದು ಪಾಲನ್ನಾದರೂ ಅಲ್ಲಿಯವರು ಹೊರಲಿ ಎಂದು ಮಂತ್ರಿಗಳು ಯೋಚಿಸಿದ್ದು ಅನ್ಯಾಯವೇನಲ್ಲ. ಅತ್ತ ವಸಾಹತುಗಾರರಿಗೆ, ಕೆನಡಾದಿಂದ ಫ್ರೆಂಚರು ಹೊರಬಿದ್ದ ಮೇಲೆ, ಆ ಸೇನೆ ಏಕೆ ಬೇಕೆಂಬುದೇ ಅರ್ಥವಾಗಲಿಲ್ಲ. ಸಾಲದ್ದಕ್ಕೆ, ಅಪಲಾಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ಹೋಗಿ ನೆಲೆಸಕೂಡದೆಂದು ಅದೇ ವರ್ಷ ರಾಜಾಜ್ಞೆ ಹೊರಟಿತು.

1765ರ ಛಾಪಾ ಕಾಗದದ ಕಾಯಿದೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪತ್ರಿಕೆ, ಕರಾರುಪತ್ರ, ನ್ಯಾಯಾಲಯದ ಅರ್ಜಿ, ಕಾಲೇಜಿನ ಪದವಿಪತ್ರ, ಎಲ್ಲಕ್ಕೂ ಸುಂಕದ ಮುದ್ರೆ ಬೇಕಾಯಿತು. ಇಸ್ಪೀಟಿನ ಒಂದು ಕಟ್ಟಿಗೆ ಒಂದು ಶಿಲಿಂಗ್, ದಾಳದ ಜೋಡಿಗೆ ಹತ್ತು ಶಿಲಿಂಗ್ ಗೊತ್ತಾಯಿತು. ಇದು ಮೊದಲು ತಟ್ಟಿದ್ದು ವಕೀಲರನ್ನು, ವ್ಯಾಪಾರಿಗಳನ್ನು ಮತ್ತು ಪತ್ರಿಕೆ ಅಚ್ಚುಹಾಕುವವರನ್ನು. ಮಾತಾಡಬಲ್ಲ ಮತ್ತು ಆಡಿದ್ದನ್ನು ಅಚ್ಚುಮಾಡಬಲ್ಲ ಜನರನ್ನೇ ಹುಡುಕಿ ಕೆಣಕಿದಂತಾಯಿತು. ಬಾಸ್ಟನ್ನಿನಲ್ಲಿ ಛಾಪಾ ಕಾಗದ ಹಂಚಲು ನೇಮಕವಾಗಿದ್ದ ಆಂಡ್ರ್ಯೂ ಆಲಿವರ್ ಅವರ ಪ್ರತಿಕೃತಿಯನ್ನು ಆ ವರ್ಷದ ಆಗಸ್ಟ್ 14ರಂದು ಮರಕ್ಕೆ ನೇತುಹಾಕಲಾಯಿತು. ಅವರು ಕೆಲಸ ಬಿಟ್ಟರು. ಪಾರ್ಲಿಮೆಂಟಿನಲ್ಲಿ ನಮ್ಮವರು ಒಬ್ಬರೂ ಇಲ್ಲವೆಂದು ವಸಾಹತುಗಾರರು ಹೇಳಿದಾಗ, ಪಾರ್ಲಿಮೆಂಟಿನ ಸದಸ್ಯರು ಸಾಮ್ರಾಜ್ಯದ ಎಲ್ಲರ ಪ್ರತಿನಿಧಿಗಳೇ ಎಂಬ ಉತ್ತರ ಬಂತು. 1766ರಲ್ಲಿ ಕಾಯಿದೆಯನ್ನು ಹಿಂತೆಗೆದುಕೊಂಡರೂ, ವಸಾಹತುಗಳ ಮೇಲೆ ಯಾವುದೇ ವಿಷಯದಲ್ಲಿ ಶಾಸನ ಮಾಡುವ ಅಧಿಕಾರ ತನಗಿದೆಯೆಂದು ಪಾರ್ಲಿಮೆಂಟ್ ಇನ್ನೊಂದು ಕಾಯಿದೆ ಮಾಡಿ ಘೋಷಿಸಿತು. ನನಗೆ ಕಾಣುವಂತೆ ಮುಂದಿನ ಜಗಳದ ಬೀಜ ಇರುವುದು ಇಲ್ಲಿ, ಚಹಾದಲ್ಲಲ್ಲ.

ಇನ್ನು ಚಹಾ. ನಮಗೂ ಚೆನ್ನಾಗಿ ಗೊತ್ತಿರುವ ಈಸ್ಟ್ ಇಂಡಿಯಾ ಕಂಪನಿಯ ಉಗ್ರಾಣಗಳಲ್ಲಿ ಮಾರಾಟವಾಗದ ಚಹಾ ರಾಶಿಬಿದ್ದು, ಅದು ದಿವಾಳಿಯ ಅಂಚಿಗೆ ಬಂದಿತ್ತು. ಅದನ್ನು ಉಳಿಸಲೆಂದು, ಕಂಪನಿ ನೇರವಾಗಿ ಅಮೆರಿಕಕ್ಕೆ ಚಹಾ ಕಳಿಸಿ ತಾನು ಆರಿಸಿದ ಕೆಲವರ ಮೂಲಕ ಮಾರಬಹುದೆಂದು 1773ರಲ್ಲಿ ಕಾಯಿದೆಯಾಯಿತು. ಹೀಗೆ ಬಂದ ಚಹಾ ಕಳ್ಳಸಾಗಣೆಯ ಡಚ್ ಚಹಾಕ್ಕಿಂತಲೂ ಅಗ್ಗವಾಗಲಿತ್ತು. ಆದರೆ ಪೌಂಡ್ ತೂಕಕ್ಕೆ ಮೂರು ಪೆನ್ಸ್ ಸುಂಕ ಹಾಗೆಯೇ ಉಳಿಯಿತು. ಅಗ್ಗವೆಂದು ಕೊಂಡರೆ, ತಾವು ಒಪ್ಪದ ತೆರಿಗೆಯನ್ನು ಒಪ್ಪಿದಂತೆಯೇ ಸರಿ. ಸ್ಥಳೀಯ ವರ್ತಕರಿಗೂ ಕಳ್ಳಸಾಗಣೆದಾರರಿಗೂ ವ್ಯಾಪಾರ ಹೋಗುವ ಭಯವಿದ್ದದ್ದು ಸುಳ್ಳಲ್ಲ. ಬಾಸ್ಟನ್ನಿನಲ್ಲಿ ಮಾರುವ ಅವಕಾಶ ಪಡೆದವರಲ್ಲಿ ಗವರ್ನರ್ ಹಚಿನ್ಸನ್ ಅವರ ಇಬ್ಬರು ಮಕ್ಕಳೂ ಇದ್ದರು. ಬಂದ ಹಡಗು ಇಪ್ಪತ್ತು ದಿನಗಳೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿಯಾಗುತ್ತಿತ್ತು. ಸುಂಕ ಕಟ್ಟದೆ ಹಿಂದಿರುಗಲು ಹಚಿನ್ಸನ್ ಬಿಡಲಿಲ್ಲ. ಮೊದಲ ಹಡಗಿನ ಗಡುವಿಗೆ ಒಂದು ರಾತ್ರಿ ಉಳಿದಿದ್ದಾಗ, ಡಿಸೆಂಬರ್ 16ರಂದು, ಮೂರು ಹಡಗುಗಳ 342 ಪೆಟ್ಟಿಗೆಗಳನ್ನು ಒಡೆದು ನೀರಿಗೆ ಸುರಿದರು.

ಮರುವರ್ಷ ಲಂಡನ್ ಬಾಸ್ಟನ್ ಬಂದರನ್ನು ಮುಚ್ಚಿಸಿ, ಮ್ಯಾಸಚೂಸೆಟ್ಸ್‌ನ ಆಡಳಿತದ ಸನ್ನದನ್ನೇ ತಿದ್ದಿತು. ಚಹಾ ಸುರಿದದ್ದು ಸರಿಯಲ್ಲವೆಂದುಕೊಂಡಿದ್ದ ಬೇರೆ ವಸಾಹತುಗಳವರೂ ಇದರಿಂದ, ನಾಳೆ ನಮ್ಮ ಸರದಿ ಎಂದು ಹೆದರಿ ಫಿಲಡೆಲ್ಫಿಯಾದಲ್ಲಿ ಸೇರಿದರು. 1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿದ ಮೇಲೂ ಅವರು ಜುಲೈಯಲ್ಲಿ ರಾಜನಿಗೆ ಸಂಧಾನದ ಮನವಿ ಕಳಿಸಿದರು. ಪತ್ರವೊಂದು ಸಾಗರ ದಾಟಲು ವಾರಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. ಮೂರನೆಯ ಜಾರ್ಜ್ ಆ ಮನವಿಯನ್ನು ಸ್ವೀಕರಿಸದೆ, ಆಗಸ್ಟ್‌ನಲ್ಲಿ ಅವರನ್ನು ದಂಗೆಕೋರರೆಂದು ಸಾರಿದ. ಸ್ವಾತಂತ್ರ್ಯ ಘೋಷಣೆ ಬಂದದ್ದು ಇದರ ನಂತರ, 1776ರ ಜುಲೈಯಲ್ಲಿ.

ಪ್ರಶ್ನೆ: ಹಾಗಾದರೆ ಬ್ರಿಟನ್ನಿನ ಕೆರಿಬಿಯನ್ ದ್ವೀಪಗಳು ಏಕೆ ದಂಗೆಯೇಳಲಿಲ್ಲ?

ಉತ್ತರ: ಅಸಮಾಧಾನ ಅಲ್ಲಿಯೂ ಇತ್ತು. ಆದರೆ ಅಲ್ಲಿನ ತೋಟದ ಮಾಲೀಕರ ಸಕ್ಕರೆಗೆ ಬ್ರಿಟನ್ನಿನಲ್ಲಿ ರಕ್ಷಿತ ಮಾರುಕಟ್ಟೆಯಿತ್ತು, ಮತ್ತು ತಾವು ಗುಲಾಮರನ್ನಾಗಿ ಇರಿಸಿಕೊಂಡಿದ್ದ ಜನರ ಭಯಕ್ಕೆ ಅವರಿಗೆ ಬ್ರಿಟಿಷ್ ಸೇನೆ ಬೇಕಿತ್ತು. 1774ರ ಡಿಸೆಂಬರ್‌ನಲ್ಲಿ ಜಮೈಕಾದ ಸಭೆ ಅಮೆರಿಕನ್ನರ ವಾದವನ್ನು ಸಮರ್ಥಿಸಿ ರಾಜನಿಗೆ ಮನವಿ ಬರೆಯಿತು. ಅದೇ ಮನವಿಯಲ್ಲಿ, ಬಿಳಿಯರು ಬಹಳ ಕಡಿಮೆಯಿದ್ದು ಗುಲಾಮರು ಎರಡು ಲಕ್ಷಕ್ಕೂ ಹೆಚ್ಚಿರುವ ಈ ದುರ್ಬಲ ದ್ವೀಪ ಪ್ರತಿಭಟಿಸಿ ನಿಲ್ಲುವ ಮಾತೇ ಇಲ್ಲವೆಂದೂ ಸೇರಿಸಿತು.