ಅಂಗಡಿ ಬಾಗಿಲಲ್ಲಿ ಲಸಿಕೆ ಕಾಗದ ಕೇಳುತ್ತಾರಾ?

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಗಂಡ ಮತ್ತು ಮೂರು ವರ್ಷದ ಮಗನ ಜೊತೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೀಯ. "ಅಲ್ಲಿ ಲಸಿಕೆ ಸರ್ಟಿಫಿಕೇಟ್ ಇಲ್ಲದಿದ್ದರೆ ಅಂಗಡಿ, ಹೋಟೆಲ್ ಒಳಗೆ ಬಿಡಲ್ಲವಂತೆ. ನಾವು ಹಾಕಿಸಿಕೊಂಡಿದ್ದು ಕೊವ್ಯಾಕ್ಸಿನ್. ಏನು ಮಾಡೋದು?" ಅಂತ ಕೇಳಿದ್ದೀಯ.

ಮೊದಲು ಸಮಾಧಾನದ ಮಾತು. ಆ ನಿಯಮ ಈಗ ಇಲ್ಲ. 2022ರ ಬೇಸಿಗೆ ಬರುವ ಹೊತ್ತಿಗೇ ಅದು ಪೂರ್ತಿ ನಿಂತುಹೋಯಿತು. ಈಗ ಯಾವ ಅಂಗಡಿಯವರೂ ನಿನ್ನ ಕೊರೊನಾ ಲಸಿಕೆ ಕೇಳುವುದಿಲ್ಲ. ಆದರೆ ನಿನ್ನ ಮಗನಿಗೆ ಬೇರೊಂದು ಕಾನೂನು ಇದೆ. ಅದು ಇವತ್ತಿಗೂ ಜಾರಿಯಲ್ಲಿದೆ. ಅದರ ಬಗ್ಗೆ ಯಾರೂ ನಿನಗೆ ಹೇಳಿಲ್ಲ ಅನ್ನಿಸುತ್ತೆ.

ನಿನಗೆ ಬಂದ ಸುದ್ದಿ ಸುಳ್ಳಲ್ಲ, ಹಳೆಯದು ಅಷ್ಟೆ. 2021ರ ಆಗಸ್ಟ್‌ನಿಂದ ಇಲ್ಲಿ 'ಮೂರು ಜಿ' ಅಂತ ಶುರುವಾಯಿತು. ಗೆಇಂಫ್ಟ್, ಗೆನೇಜನ್, ಗೆಟೆಸ್ಟೆಟ್. ಅಂದರೆ ಲಸಿಕೆ ಹಾಕಿಸಿಕೊಂಡವರು, ಕೊರೊನಾ ಬಂದು ಗುಣವಾದವರು, ಟೆಸ್ಟ್ ಮಾಡಿಸಿಕೊಂಡವರು. ಈ ಮೂರರಲ್ಲಿ ಒಂದಾದರೂ ಇದ್ದರೆ ಹೋಟೆಲ್, ಜಿಮ್, ಸಲೂನ್ ಒಳಗೆ ಬಿಡುತ್ತಿದ್ದರು. ನವೆಂಬರ್ 24ರಿಂದ ಆಫೀಸಿಗೂ, ಬಸ್ಸು ರೈಲಿಗೂ ಅದೇ ನಿಯಮ ಬಂತು. ಡಿಸೆಂಬರ್ 2ರಂದು ಇನ್ನೂ ಬಿಗಿ ಮಾಡಿದರು. ದಿನಸಿ, ಔಷಧಿಯಂಥ ದಿನಬಳಕೆಯ ಅಂಗಡಿ ಬಿಟ್ಟು ಉಳಿದ ಅಂಗಡಿಗಳಿಗೆಲ್ಲ 'ಎರಡು ಜಿ'. ಟೆಸ್ಟ್ ತೋರಿಸಿದರೂ ಪ್ರವೇಶ ಇಲ್ಲ. ಮಾರನೇ ದಿನವೇ ನಮ್ಮ ಕರ್ನಾಟಕದಲ್ಲೂ ಮಾಲ್, ಸಿನಿಮಾ ಮಂದಿರಕ್ಕೆ ಎರಡು ಡೋಸ್ ಆಗಿರಬೇಕು ಅಂತ ಸರ್ಕಾರ ಹೇಳಿತು, ನೆನಪಿದೆಯಲ್ವಾ? ಓಮಿಕ್ರಾನ್ ಬೆಂಗಳೂರಿನಲ್ಲಿ ಕಾಣಿಸಿಕೊಂಡ ವಾರ ಅದು.

ಇಲ್ಲಿ ಬಾಗಿಲಲ್ಲಿ ಒಬ್ಬರು ಫೋನ್ ಹಿಡಿದು ನಿಂತಿರುತ್ತಿದ್ದರು. ನಮ್ಮ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಗುರುತಿನ ಚೀಟಿಯಲ್ಲಿರುವ ಹೆಸರಿನ ಜೊತೆ ಹೋಲಿಸಿ ನೋಡುತ್ತಿದ್ದರು. ನಿಯಮ ಆಗಾಗ ಬದಲಾಗುತ್ತಿತ್ತು. ಒಂದೇ ಡೋಸಿನ ಜಾನ್ಸನ್ ಲಸಿಕೆ ಹಾಕಿಸಿಕೊಂಡವರು 2022ರ ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ, ಅವರ ಲಸಿಕೆ ಪೂರ್ತಿ ಆಗಿಲ್ಲ ಅಂತ ಲೆಕ್ಕ.

ಆ ಚಳಿಗಾಲದ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗಿಲ್ಲ. ನನ್ನ ಗಂಡನ ಆಫೀಸಿಗೆ ದಾವಣಗೆರೆ ಕಡೆಯ ಹುಡುಗ ಒಬ್ಬ ಹೊಸದಾಗಿ ಬಂದಿದ್ದ. ನಿನ್ನ ಹಾಗೆ ಅವನದೂ ಎರಡು ಡೋಸ್ ಕೊವ್ಯಾಕ್ಸಿನ್. ವಿಶ್ವ ಆರೋಗ್ಯ ಸಂಸ್ಥೆ ನವೆಂಬರ್ 3ರಂದೇ ಅದನ್ನು ಒಪ್ಪಿತ್ತು, ಆದರೆ ಜರ್ಮನಿಯ ಪಟ್ಟಿಯಲ್ಲಿ ಇರಲಿಲ್ಲ. ಕೋವಿಶೀಲ್ಡ್ ಇತ್ತು. ಹಾಗಾಗಿ ಕಾನೂನಿನ ಕಣ್ಣಿಗೆ ಅವನು ಲಸಿಕೆಯೇ ಹಾಕಿಸಿಕೊಳ್ಳದವನು. ದಿನಾ ಬೆಳಿಗ್ಗೆ ಸ್ಟೇಷನ್ ಪಕ್ಕದ ಟೆಂಟಿನಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಆ ಚೀಟಿ ಹಿಡಿದು ಟ್ರೈನ್ ಹತ್ತುತ್ತಿದ್ದ.

ಅವನ ಹತ್ತಿರ ಇಲ್ಲಿನ ಚಳಿಗೆ ತಕ್ಕ ಜಾಕೆಟ್ ಇರಲಿಲ್ಲ. ಬಟ್ಟೆ ಅಂಗಡಿಯ ಒಳಗೆ ಬಿಡಲಿಲ್ಲ. ಅವನು ಹೊರಗೆ ಗಾಜಿನ ಆಚೆ ನಿಂತ. ನಾನೂ ನನ್ನ ಗಂಡನೂ ಒಳಗೆ ಹೋಗಿ ಒಂದೊಂದೇ ಜಾಕೆಟ್ ಎತ್ತಿ ತೋರಿಸಿದೆವು. ಕಪ್ಪು, ನೀಲಿ, ಬೂದು. ಅವನು ಕೈ ಉಜ್ಜಿಕೊಳ್ಳುತ್ತಾ ತಲೆ ಅಲ್ಲಾಡಿಸುತ್ತಿದ್ದ. ಕೊನೆಗೆ ನೀಲಿಯದಕ್ಕೆ ಹೆಬ್ಬೆರಳು ಎತ್ತಿದ. ಹೊರಗೆ ತಂದು ಹಾಕಿಸಿದರೆ ತೋಳು ಉದ್ದ. ಮತ್ತೆ ಒಳಗೆ ಹೋಗಿ ಬದಲಾಯಿಸಿದೆವು. ಆಮೇಲೆ ಅವನು ಇಲ್ಲಿಯ ಲಸಿಕೆಯನ್ನೇ ಮೊದಲಿನಿಂದ ಹಾಕಿಸಿಕೊಂಡ. ಜರ್ಮನಿ ಕೊವ್ಯಾಕ್ಸಿನ್ ಒಪ್ಪಿದ್ದು 2022ರ ಜೂನ್ 1ರಿಂದ, ಅದೂ ಪ್ರಯಾಣಕ್ಕೆ.

ಆಸ್ಪತ್ರೆಗಳು ತುಂಬಿಹೋಗಿದ್ದಾಗ ಸರ್ಕಾರ ಏನಾದರೂ ಮಾಡಲೇಬೇಕಿತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೆ ತನ್ನ ಊರಿನಲ್ಲಿ ಸಿಕ್ಕ ಲಸಿಕೆಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಂಡವನನ್ನು ಚಳಿಯಲ್ಲಿ ಹೊರಗೆ ನಿಲ್ಲಿಸಿದ್ದು ತಪ್ಪು. ಇವತ್ತಿಗೂ ನನಗೆ ಹಾಗೇ ಅನ್ನಿಸುತ್ತೆ. ಎಲ್ಲ ದೊಡ್ಡವರಿಗೂ ಲಸಿಕೆ ಕಡ್ಡಾಯ ಮಾಡುವ ಮಾತೂ ಇತ್ತು. 2022ರ ಏಪ್ರಿಲ್ 7ರಂದು ಇಲ್ಲಿನ ಸಂಸತ್ತಿನಲ್ಲಿ 60 ವರ್ಷ ದಾಟಿದವರಿಗೆ ಮಾತ್ರ ಅನ್ನುವ ಮಸೂದೆ ಕೂಡ ಬಿದ್ದುಹೋಯಿತು.

ಈಗ ನಿನ್ನ ಮಗನ ವಿಷಯ. ಇದನ್ನು ಗಮನವಿಟ್ಟು ಓದು.

2020ರ ಮಾರ್ಚ್ 1ರಿಂದ ಇಲ್ಲಿ ದಡಾರದ ಲಸಿಕೆಗೆ ಕಾನೂನು ಇದೆ. ಕೀಟಾಗೆ, ಅಂದರೆ ನಮ್ಮ ಅಂಗನವಾಡಿ, ನರ್ಸರಿ ಥರದ ಜಾಗಕ್ಕೆ, ಮಗುವನ್ನು ಸೇರಿಸಬೇಕಾದರೆ ಪುರಾವೆ ಬೇಕೇ ಬೇಕು. ಎರಡು ವರ್ಷ ತುಂಬಿದ ಮಗುವಿಗೆ ಎರಡು ಡೋಸ್ ಆಗಿರಬೇಕು. ಪುರಾವೆ ಇಲ್ಲದಿದ್ದರೆ ಕೀಟಾದಲ್ಲಿ ಸೇರಿಸಿಕೊಳ್ಳುವುದಿಲ್ಲ. ಶಾಲೆಯಲ್ಲಿ ಹಾಗಲ್ಲ. ಓದು ಕಡ್ಡಾಯ ಆದ್ದರಿಂದ ಮಗುವನ್ನು ಹೊರಗಿಡುವಂತಿಲ್ಲ, ಆದರೆ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ದಂಡ 2500 ಯೂರೋ ತನಕ ಹೋಗಬಹುದು. ಕೆಲವು ತಂದೆತಾಯಿ ಸಂವಿಧಾನ ನ್ಯಾಯಾಲಯಕ್ಕೆ ಹೋದರು. 2022ರಲ್ಲಿ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ಇದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ದಡಾರ ತುಂಬಾ ಬೇಗ ಹರಡುತ್ತೆ. ಲಸಿಕೆಯ ವಯಸ್ಸಾಗದ ಹಸುಗೂಸುಗಳನ್ನು ಕಾಪಾಡಲು ಬೇರೆ ದಾರಿಯಿಲ್ಲ.

ನಮ್ಮಲ್ಲಿ ದಡಾರ, ರುಬೆಲ್ಲಾ ಎರಡಕ್ಕೂ ಸೇರಿಸಿ ಕೊಡುವ ಎಂಆರ್ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು ಹಾಕುತ್ತಾರೆ. ಹಾಗಾಗಿ ನಿನ್ನ ಮಗನಿಗೆ ಆಗಿರಬಹುದು. ತಾಯಿ ಕಾರ್ಡ್ ತೆಗೆದು ನೋಡು. ಎರಡನೇ ಡೋಸಿನ ಮುಂದೆ ತಾರೀಖು ಇದೆಯಾ? ಎಷ್ಟೋ ಸಲ ಲಸಿಕೆ ಹಾಕಿರುತ್ತಾರೆ, ಬರೆದಿರುವುದಿಲ್ಲ. ಇನ್ನೊಂದು ವಿಷಯ, ಕಾರ್ಡಿನಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಇಂಥವರ ಮಗು ಅಂತ ತಾಯಿಯ ಹೆಸರಿರುತ್ತೆ. ಪಾಸ್‌ಪೋರ್ಟಿನಲ್ಲಿ ಬೇರೆ ಹೆಸರು. ನನ್ನ ಮಗಳಿಗೆ ಹೀಗೇ ಆಗಿ ಕೀಟಾ ಸೇರುವುದು ಎರಡು ತಿಂಗಳು ತಡವಾಯಿತು. ಲಸಿಕೆ ಆಗಿತ್ತು, ಕಾಗದ ಮಾತ್ರ ಸರಿಯಿರಲಿಲ್ಲ.

ಅದಕ್ಕೆ ಮಗುವಿನ ಡಾಕ್ಟರ್ ಹತ್ತಿರ ಹೋಗು. ಅವರ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಬರೆಸಿಕೋ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು, ಹುಟ್ಟಿದ ತಾರೀಖು, ಪ್ರತಿ ಲಸಿಕೆಯ ಹೆಸರು, ಹಾಕಿದ ದಿನ, ಸಹಿ, ಸೀಲು. ಇಲ್ಲಿನ ಮಕ್ಕಳ ಡಾಕ್ಟರ್ ಅದನ್ನು ನೋಡಿ ಹಳದಿ ಬಣ್ಣದ ಲಸಿಕೆ ಪುಸ್ತಕಕ್ಕೆ ಬರೆದುಕೊಡುತ್ತಾರೆ. ಆಮೇಲೆ ಎಲ್ಲಿ ಹೋದರೂ ಆ ಪುಸ್ತಕ ಸಾಕು.

ನರ್ಸಿಂಗ್ ಓದಿದ್ದೀನಿ, ಕೆಲಸ ಹುಡುಕಬೇಕು ಅಂತಲೂ ಬರೆದಿದ್ದೀಯ. 1970ರ ನಂತರ ಹುಟ್ಟಿದವರು ಆಸ್ಪತ್ರೆ, ಶಾಲೆ, ಕೀಟಾದಲ್ಲಿ ಕೆಲಸ ಮಾಡಬೇಕಾದರೆ ಅವರಿಗೂ ದಡಾರದ ಪುರಾವೆ ಬೇಕು. ನಿನ್ನ ಚಿಕ್ಕಂದಿನ ಕಾಗದ ಸಿಗದಿದ್ದರೆ ಹೆದರಬೇಡ. ನನಗೂ ಇರಲಿಲ್ಲ. ಆರನೇ ವಯಸ್ಸಿನಲ್ಲಿ ದಡಾರ ಬಂದು, ಅಜ್ಜಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು ಮಾತ್ರ ನೆನಪಿತ್ತು. ಇಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ರೋಗನಿರೋಧಕ ಶಕ್ತಿ ಇದೆ ಅಂತ ಬಂತು. ಡಾಕ್ಟರ್ ಬರೆದುಕೊಟ್ಟರು, ಅಷ್ಟಕ್ಕೇ ಮುಗಿಯಿತು.

ಕೊವ್ಯಾಕ್ಸಿನ್ ಸರ್ಟಿಫಿಕೇಟ್ ಬೇಕಾದರೆ ಫೋನಿನಲ್ಲಿ ಇಟ್ಟುಕೋ, ಭಾರವೇನೂ ಅಲ್ಲ. ತಾಯಿ ಕಾರ್ಡನ್ನು ಮಾತ್ರ ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡ, ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲಿಡು. ಇವತ್ತು ಸಂಜೆ ಅದರ ಫೋಟೋ ತೆಗೆದು ನನಗೆ ಕಳಿಸು. ಎರಡೂ ಪುಟ ಕಾಣಬೇಕು. ಏನಾದರೂ ಬಿಟ್ಟುಹೋಗಿದ್ದರೆ ನೀನು ಅಲ್ಲಿರುವಾಗಲೇ ಸರಿ ಮಾಡಿಸಬಹುದು.