ಸಮಾಜಶಾಸ್ತ್ರ ಓದಿದವರು ಪುನರ್ವಸತಿ ಕೌನ್ಸೆಲರ್ ಆಗಬಹುದಾ?

ಪ್ರಶ್ನೆ: ಮೇಡಂ, ನಾನು ಕುಂದಾಪುರದ ಕಡೆಯವಳು. ಬಿಎ ಕೊನೆಯ ವರ್ಷ, ಸಮಾಜಶಾಸ್ತ್ರ ಓದುತ್ತಿದ್ದೇನೆ. ಅಣ್ಣ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರಿನಲ್ಲಿದ್ದಾನೆ. ಅವನಂಥವರ ಜೊತೆ ಕೆಲಸ ಮಾಡುವ ಆಸೆ ನನಗೆ. ಅಮೆರಿಕದಲ್ಲಿರುವ ದೊಡ್ಡಮ್ಮನ ಮಗ ‘ರಿಹ್ಯಾಬಿಲಿಟೇಷನ್ ಕೌನ್ಸೆಲಿಂಗ್ ಓದು’ ಅನ್ನುತ್ತಾನೆ. ನಮ್ಮ ಕಡೆ ಅದು ಇದೆಯಾ? ಎಂಎ ಸಮಾಜಶಾಸ್ತ್ರ ಮಾಡಿ ಆ ಕೆಲಸಕ್ಕೆ ಹೋಗಬಹುದಾ?

ಉತ್ತರ: ದೊಡ್ಡಮ್ಮನ ಮಗ ಹೇಳಿದ್ದು ಅವರ ಊರಿಗೆ ಸರಿ. ರಿಹ್ಯಾಬಿಲಿಟೇಷನ್ ಕೌನ್ಸೆಲಿಂಗ್, ಅಂದರೆ ಪುನರ್ವಸತಿ ಕೌನ್ಸೆಲಿಂಗ್, ಅಂಗವಿಕಲರು ಮತ್ತೆ ತಮ್ಮ ಬದುಕು ನಡೆಸಿಕೊಂಡು ಹೋಗಲು ನೆರವಾಗುವ ಕೆಲಸ. ಅಮೆರಿಕದಲ್ಲಿ 1954ರಲ್ಲಿ ಕಾನೂನು ತಿದ್ದಿ, ಈ ವಿಷಯದ ಸ್ನಾತಕೋತ್ತರ ಓದಿಗೆ ಸರ್ಕಾರವೇ ವಿಶ್ವವಿದ್ಯಾಲಯಗಳಿಗೆ ದುಡ್ಡು ಕೊಟ್ಟಿತು. ಅಲ್ಲಿ ಅದೊಂದು ಪ್ರತ್ಯೇಕ ವೃತ್ತಿ. ನಮ್ಮಲ್ಲಿ ಆ ಕೆಲಸ ನಾಲ್ಕಾರು ಜನರ ನಡುವೆ ಹಂಚಿಹೋಗಿದೆ. ಸೈಕಾಲಜಿಸ್ಟ್ ಸ್ವಲ್ಪ, ಫಿಸಿಯೋಥೆರಪಿಯವರು ಸ್ವಲ್ಪ ಮಾಡುತ್ತಾರೆ. ಉಳಿದದ್ದೆಲ್ಲ ಸೋಶಿಯಲ್ ವರ್ಕರ್ ತಲೆಗೆ. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆ ಕೆಲಸ ಮಾಡಿದವಳು, ಹಾಗಾಗಿ ಆ ‘ಉಳಿದದ್ದು’ ಎಷ್ಟು ಅಂತ ಗೊತ್ತು.

ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಅಣ್ಣನ ಹಾಗೇ ಮರದಿಂದ ಬಿದ್ದ ಒಬ್ಬರು ಡಿಸ್ಚಾರ್ಜ್ ಆಗುವವರಿದ್ದರು. ಫೈಲಿನಲ್ಲಿ ‘ಕೌನ್ಸೆಲಿಂಗ್ ಮಾಡಿದೆ’ ಅಂತ ಬರೆದಾಗಿತ್ತು. ‘ಧೈರ್ಯ ತೆಗೆದುಕೊಳ್ಳಿ’ ಅಂತ ಯಾರೋ ಹೇಳಿದ್ದರು, ಅಷ್ಟೇ. ನಾನು ಅವರ ಹೆಂಡತಿಯ ಹತ್ತಿರ ಪಾಯಿಖಾನೆ ಎಲ್ಲಿದೆ ಅಂತ ಕೇಳಿದೆ. ಅಂಗಳ ದಾಟಿ, ಮೂರು ಮೆಟ್ಟಿಲು ಇಳಿದು. ಬಾಗಿಲು ಎಷ್ಟಗಲ? ಅವರು ಗೇಣಿನಲ್ಲಿ ಅಳೆದು ತೋರಿಸಿದರು. ಎರಡಡಿಯೂ ಇಲ್ಲ. ವೀಲ್‌ಚೇರಿನ ಅಗಲ ಅದಕ್ಕಿಂತ ಜಾಸ್ತಿ. ಆಮೇಲೆ ನಡೆದ ಮಾತೆಲ್ಲ ಆ ಬಾಗಿಲಿನ ಸುತ್ತಲೇ. ಕಲ್ಲು ಕಟ್ಟುವವರು ಯಾರು, ದುಡ್ಡು ಯಾರದ್ದು, ಜಾಗ ಯಾರ ಹೆಸರಿನಲ್ಲಿದೆ. ‘ಅದನ್ನೆಲ್ಲ ಮಾವನ ಹತ್ರ ಕೇಳಬೇಕು’ ಅಂದರು ಆಕೆ. ಮಾವ ಅಂದರೆ ರೋಗಿಯ ಸೋದರಮಾವ. ಆಸ್ಪತ್ರೆಯ ಫಾರಂನಲ್ಲಿ ತಂದೆ ಅಥವಾ ಗಂಡ ಅಂತ ಮಾತ್ರ ಇರುತ್ತದೆ. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಲೆಕ್ಕ ಹಾಕುವ ಮನೆಯಲ್ಲಿ ಮಾತು ನಡೆಯುವುದು ಯಾರದ್ದು ಅಂತ ಆ ಫಾರಂಗೆ ಗೊತ್ತಿಲ್ಲ. ಸಮಾಜಶಾಸ್ತ್ರ ಓದಿದವಳಿಗೆ ಗೊತ್ತಿರಬೇಕು. ನಿಮ್ಮ ಓದು ಕೆಲಸಕ್ಕೆ ಬರುವುದು ಇಲ್ಲಿ.

ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆಯದ್ದೂ ಇದೇ ಕಥೆ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸುತ್ತಿದ್ದ ಊರುಗಳು ಅವು. ಅಲ್ಲಿ ಅಂಗವಿಕಲ ಮಕ್ಕಳಿರುವ ತಾಯಂದಿರು ಕೇಳುವುದು ಒಂದೇ ಪ್ರಶ್ನೆ: ‘ನನ್ನ ನಂತರ ಇವನನ್ನು ಯಾರು ನೋಡುವುದು?’ ಇದಕ್ಕೆ ಸಮಾಧಾನದ ಮಾತು ಸಾಲದು. ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಇದು ಗೊತ್ತಿದ್ದರೆ ಆ ತಾಯಿಗೆ ಏನಾದರೂ ಹೇಳಬಹುದು, ಗೊತ್ತಿಲ್ಲದಿದ್ದರೆ ಸುಮ್ನೆ ತಲೆಯಾಡಿಸಬೇಕು. ಹರಕೆ, ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡುವುದು, ಇವೆಲ್ಲ ಬಂದೇ ಬರುತ್ತವೆ. ನಗಬೇಡಿ. ಅದಕ್ಕೆ ಎಷ್ಟು ಖರ್ಚಾಗಿದೆ ಅಂತ ಮಾತ್ರ ತಿಳಿದುಕೊಳ್ಳಿ.

ಈಗ ಕೋರ್ಸಿನ ವಿಚಾರ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಎ ಸಮಾಜಶಾಸ್ತ್ರವೂ ಇದೆ, ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಕೂಡ ಇದೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಎಂಎ ಮಾಡಿ, ಅಧ್ಯಾಪಕರಾಗಲು ಬೇಕಾದ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆಯಿರಿ. ನಿಮ್ಮ ಪತ್ರ ಓದಿದರೆ ಹಾಗೆ ಕಾಣುವುದಿಲ್ಲ. ನನ್ನ ಓಟು ಎಂಎಸ್‌ಡಬ್ಲ್ಯೂಗೆ, ಅದರಲ್ಲೂ ಮೆಡಿಕಲ್ ಆ್ಯಂಡ್ ಸೈಕಿಯಾಟ್ರಿಕ್ ವಿಭಾಗಕ್ಕೆ. ಕಾರಣ ಫೀಲ್ಡ್‌ವರ್ಕ್. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಆಸ್ಪತ್ರೆಗೋ ವಿಶೇಷ ಶಾಲೆಗೋ ಕಳಿಸುತ್ತಾರೆ. ರಿಪೋರ್ಟು ಬರೆದು ಬರೆದು ಕೈ ನೋಯುತ್ತದೆ, ಆದರೆ ಜನರ ಮುಂದೆ ಕೂತು ಕೇಳುವುದು ಬರುವುದು ಅಲ್ಲೇ. ತುಳು ಬರದಿದ್ದರೆ ಈಗಲೇ ಕಲಿಯಿರಿ. ನಿಮ್ಮ ಕುಂದಾಪ್ರ ಕನ್ನಡ ಬೆಳ್ತಂಗಡಿಯ ಅಜ್ಜಿಗೆ ಅರ್ಥವಾಗುವುದು ಕಷ್ಟ, ಅಲ್ವಾ?

ಎಂಎಸ್‌ಡಬ್ಲ್ಯೂ ಒಂದರಿಂದಲೇ ‘ಪುನರ್ವಸತಿ ಕೌನ್ಸೆಲರ್’ ಅಂತ ಬೋರ್ಡು ಹಾಕುವ ಹಾಗಿಲ್ಲ. ಆ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಪಟ್ಟಿಯಲ್ಲಿದೆ. ಅದಕ್ಕೆ ಅವರು ಒಪ್ಪಿದ ಕೋರ್ಸು ಮಾಡಿ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ, ಸಂಸ್ಥೆಗಳಲ್ಲಿ ಸೋಶಿಯಲ್ ವರ್ಕರ್ ಆಗಿ ಇದೇ ಕೆಲಸ ಮಾಡಲು ತೊಂದರೆ ಇಲ್ಲ.

ಪ್ರಶ್ನೆ: ಮಗ ಆನ್‌ಲೈನಿನಲ್ಲಿ ಆರು ವಾರದ ‘ಪುನರ್ವಸತಿ ಕೌನ್ಸೆಲರ್’ ಸರ್ಟಿಫಿಕೇಟ್ ಮಾಡುತ್ತೇನೆ ಅನ್ನುತ್ತಿದ್ದಾನೆ. ಫೀಸು ಕಟ್ಟಬಹುದಾ? – ಒಬ್ಬ ತಂದೆ, ಉಡುಪಿ

ಉತ್ತರ: ಬೇಡ. 1992ರ ಆರ್‌ಸಿಐ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ ಆಗಬಹುದು. ಸೈಕಾಲಜಿಯನ್ನು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ನಿಲ್ಲಿಸಿ ಅಂತ ಯುಜಿಸಿ 2025ರಲ್ಲಿ ವಿಶ್ವವಿದ್ಯಾಲಯಗಳಿಗೇ ಹೇಳಿದೆ. ಯಾವ ಕಾಲೇಜಾದರೂ ಸರಿ, ಈ ವರ್ಷಕ್ಕೆ ಆರ್‌ಸಿಐ ಒಪ್ಪಿಗೆ ಇದೆಯಾ ಅಂತ ಆರ್‌ಸಿಐ ವೆಬ್‌ಸೈಟಿನಲ್ಲೇ ನೋಡಿ. ಬ್ರೋಷರ್ ನಂಬಬೇಡಿ.

ಕುಂದಾಪುರದವರಿಗೆ ಇನ್ನೊಂದು ಮಾತು. ಅಣ್ಣನಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿದ್ದೀರಾ? ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ. ಗೌರವಧನ ಸಣ್ಣದು, ಆದರೆ ಆ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ನಿಮ್ಮ ಪಂಚಾಯತಿಯಲ್ಲಿ ಜಾಗ ಖಾಲಿ ಇದೆಯಾ ಅಂತ ಅಣ್ಣನೇ ಫೋನ್ ಮಾಡಿ ಕೇಳಲಿ.